ನೆಲ ನಡುಗಿತು ಸರಿ, ಬರೆ ಗಟ್ಟಿ ಇದೆಯಾ?

ಪಾಣತ್ತೂರು ದಾಟಿ ಸುಳ್ಯದ ಕಡೆ ಹೊರಟರೆ ಕಲ್ಲಪಳ್ಳಿ ಸಿಗುತ್ತದೆ. ಲೆಕ್ಕಕ್ಕೆ ಇದು ಕೇರಳ, ಕಾಸರಗೋಡು ಜಿಲ್ಲೆ. ಒಂದು ಬದಿಯಲ್ಲಿ ಸುಳ್ಯ, ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕೊಡಗಿನ ಕರಿಕೆ. 2022ರ ಜೂನ್ ಕೊನೆಯ ವಾರ ಈ ಮೂರೂ ಕಡೆ ನೆಲ ನಡುಗಿತು. ಜೂನ್ 25ರ ಬೆಳಿಗ್ಗೆ ಬಂದದ್ದು ರಿಕ್ಟರ್ ಮಾಪಕದಲ್ಲಿ 2.3. ಜೂನ್ 28ರ ಬೆಳಿಗ್ಗೆ 7:45ಕ್ಕೆ ಬಂದದ್ದು 3.0. ಅದೇ ಸಂಜೆ ಮತ್ತೊಂದು ಸಣ್ಣದು, ಜುಲೈಯಲ್ಲಿ ಇನ್ನೂ ಕೆಲವು. ಪಾತ್ರೆ ಅಲುಗಿದವು, ಹಂಚು ಸದ್ದು ಮಾಡಿತು, ಸುಳ್ಯ ಮತ್ತು ಸಂಪಾಜೆ ಕಡೆ ಕೆಲವು ಗೋಡೆಗಳಲ್ಲಿ ಬಿರುಕು ಬಿಟ್ಟಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ.

ಮೂರು ವರ್ಷ ತುಂಬುವ ಮೊದಲೇ ಮತ್ತೊಮ್ಮೆ. 2025ರ ಫೆಬ್ರವರಿ 8ರ ನಸುಕಿನಲ್ಲಿ, ಸುಮಾರು ಒಂದೂವರೆ ಗಂಟೆಗೆ, ವೆಳ್ಳರಿಕುಂಡು ತಾಲೂಕಿನ ರಾಜಪುರಂ, ಪರಪ್ಪ ಕಡೆಯ ಜನ ದೊಡ್ಡ ಸದ್ದಿಗೆ ಎದ್ದು ಅಂಗಳಕ್ಕೆ ಬಂದರು. ಕೆಲವೇ ಸೆಕೆಂಡ್, ಅಷ್ಟೇ. ಹಾನಿ ಇಲ್ಲ.

ಇಂಥದ್ದಾದಾಗಲೆಲ್ಲ ಎರಡು ಪ್ರಶ್ನೆ ಏಳುತ್ತದೆ. ಇದು ದೊಡ್ಡದೊಂದು ಬರುವ ಸೂಚನೆಯಾ? ಮಳೆ ಜೋರಾದಾಗ ಗುಡ್ಡ ಜರಿಯುತ್ತದಾ, ಮನೆ ಹಿಂದೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ, ಅಂದರೆ ಬರೆ, ನಿಲ್ಲುತ್ತದಾ? ವಾಟ್ಸಾಪ್‌ನಲ್ಲಿ ಚರ್ಚೆ ಎಲ್ಲ ಮೊದಲನೆಯದರ ಸುತ್ತ. ನನಗನ್ನಿಸುವುದು, ನಮ್ಮ ಜಿಲ್ಲೆಗೆ ಕೆಲಸಕ್ಕೆ ಬರುವ ಪ್ರಶ್ನೆ ಎರಡನೆಯದು. ಮೊದಲನೆಯದಕ್ಕೆ ಯಾರ ಬಳಿಯೂ ಖಚಿತ ಉತ್ತರ ಇಲ್ಲ. ಎರಡನೆಯದಕ್ಕೆ ಉತ್ತರ ಇದೆ, ಮಾಡುವುದಕ್ಕೆ ಕೆಲಸವೂ ಇದೆ.

ಇಲ್ಲಿ ಯಾಕೆ ನಡುಗಬೇಕು?

ಭೂಕಂಪ ಅಂದರೆ ಹಿಮಾಲಯ, ಗುಜರಾತ್ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಅದು ತಪ್ಪಲ್ಲ. ಭಾರತದ ಭೂಫಲಕ, ಅಂದರೆ ನಮ್ಮನ್ನು ಹೊತ್ತ ಭೂಮಿಯ ಹೊರಪದರದ ದೊಡ್ಡ ತುಂಡು, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಷ್ಟು ಉತ್ತರದ ಕಡೆ ಸರಿಯುತ್ತಾ ಏಷ್ಯಾದ ಫಲಕಕ್ಕೆ ಒತ್ತುತ್ತಿದೆ. ಡಿಕ್ಕಿಯ ಜಾಗ ಹಿಮಾಲಯ. ಆದರೆ ಆ ಒತ್ತಡ ಅಲ್ಲೇ ಮುಗಿಯುವುದಿಲ್ಲ. ದಕ್ಷಿಣದ ತುದಿವರೆಗಿನ ಬಂಡೆಯಲ್ಲೂ ಅದು ಹರಡಿಕೊಂಡಿದೆ. ಹಳೇ ಮರದ ಹಲಗೆಯನ್ನು ಎರಡು ಬದಿಯಿಂದ ಒತ್ತಿ ನೋಡಿ, ಮೊದಲು ಬಿಡುವುದು ಹಳೇ ಸೀಳಿನಲ್ಲೇ. ನಮ್ಮ ನೆಲದ ಕಥೆಯೂ ಹಾಗೇ.

ಹಳೇ ಸೀಳುಗಳಿಗೆ ಇಲ್ಲಿ ಬರವಿಲ್ಲ. ಕೊಡಗಿನ ಬಂಡೆಗಳಿಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ತುಂಡುಗಳು ಬಂದು ಕೂಡಿಕೊಂಡ ಜಾಗ ಇದು. ಹಾಗೆ ಕೂಡಿಕೊಂಡ ಅಂಚುಗಳಲ್ಲಿ ಬಂಡೆ ಉಜ್ಜಿ, ತಿರುಚಿ, ನುಗ್ಗಾದ ಪಟ್ಟಿಗಳಿವೆ. ಅದರಲ್ಲೊಂದಕ್ಕೆ ಭೂವಿಜ್ಞಾನಿಗಳು ಮಡಿಕೇರಿಯ ಹಳೇ ಹೆಸರನ್ನೇ ಇಟ್ಟು ಮರ್ಕಾರಾ ಪಟ್ಟಿ ಅನ್ನುತ್ತಾರೆ. ಆಮೇಲೆ ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟು ಹೋಯಿತು. ನಮ್ಮ ಕರಾವಳಿ ಹುಟ್ಟಿದ್ದು ಆಗ. ಆ ಕಾಲದ ಸೀಳುಗಳೂ ಇವೆ. ಇವು ಹಿಮಾಲಯದ ಹಾಗೆ ದಿನಾ ಕೆಲಸ ಮಾಡುವ ಸೀಳುಗಳಲ್ಲ. ಎಷ್ಟೋ ಕಾಲ ಸುಮ್ನೆ ಕೂತಿದ್ದು, ಒಮ್ಮೆ ಕೊಂಚ ಜಾರುತ್ತವೆ. ಅದೇ ನಮಗೆ ತಿಳಿಯುವ ನಡುಕ.

ಹಾಗಂತ ದಕ್ಷಿಣದಲ್ಲಿ ದೊಡ್ಡದು ಬಂದೇ ಇಲ್ಲ ಅಂತಲ್ಲ. 1900ರ ಫೆಬ್ರವರಿ 8ರಂದು ಕೊಯಮತ್ತೂರು ಕಡೆ ಸುಮಾರು 6ರಷ್ಟಿದ್ದ ಭೂಕಂಪ ಆಗಿತ್ತು. ದಕ್ಷಿಣ ಭಾರತದ ಬಹುಭಾಗಕ್ಕೆ ಅದು ಗೊತ್ತಾಗಿತ್ತು. (ವೆಳ್ಳರಿಕುಂಡಿನ ನಡುಕವೂ ಫೆಬ್ರವರಿ 8ಕ್ಕೇ ಬಂತು. ಬರೀ ಕಾಕತಾಳೀಯ, ಜ್ಯೋತಿಷಿಗಳಿಗೆ ಹೇಳಬೇಡಿ.) ಕೇರಳದೊಳಗೆ ನೋಡಿದರೆ 2000ದ ಡಿಸೆಂಬರ್ 12ರಂದು ಈರಾಟ್ಟುಪೇಟ್ಟ ಕಡೆ 5.0, ಮುಂದಿನ ತಿಂಗಳೇ, 2001ರ ಜನವರಿ 7ಕ್ಕೆ, 4.8. ಈ ಲೆಕ್ಕದಲ್ಲಿ ಕಾಸರಗೋಡಿನ ಪಾಲಿಗೆ ಬಂದದ್ದು ಚಿಲ್ಲರೆ.

ಮೂರಕ್ಕೂ ಆರಕ್ಕೂ ಎಷ್ಟು ದೂರ

ಎಷ್ಟು ಚಿಲ್ಲರೆ? ರಿಕ್ಟರ್ ಅಂಕೆ ಒಂದು ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ರಿಂದ 6ಕ್ಕೆ ಮೂರು ಮೆಟ್ಟಿಲು, ಅಂದರೆ 32ನ್ನು ಮೂರು ಸಲ ಗುಣಿಸಬೇಕು. ಸುಮಾರು 32 ಸಾವಿರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದು 6.2. ಸಂಪಾಜೆ ಕಡೆಯ 3.0ಕ್ಕೆ ಹೋಲಿಸಿದರೆ ಅದರ ಶಕ್ತಿ 60 ಸಾವಿರ ಪಟ್ಟಿಗೂ ಹೆಚ್ಚು. ಎರಡಕ್ಕೂ ನಾವು ಭೂಕಂಪ ಅಂತಲೇ ಅನ್ನುತ್ತೇವೆ. ಅರ್ಧ ಹೆದರಿಕೆ ಅಲ್ಲಿಂದಲೇ ಬರುತ್ತದೆ.

ಇದೇ ಲೆಕ್ಕ ಇನ್ನೊಂದು ನಂಬಿಕೆಯನ್ನೂ ಮುರಿಯುತ್ತದೆ. "ಸಣ್ಣ ಸಣ್ಣದು ಬಂದು ಒತ್ತಡ ಇಳಿದರೆ ಒಳ್ಳೇದೇ, ದೊಡ್ಡದು ಬರುವುದಿಲ್ಲ" ಅಂತ ಸಮಾಧಾನ ಹೇಳುವವರು ಊರಿಗೊಬ್ಬರು ಇರುತ್ತಾರೆ. ಒಂದು 6ರ ಶಕ್ತಿ ಖಾಲಿಯಾಗಲು 3ರ ಕಂಪನಗಳು 32 ಸಾವಿರ ಬರಬೇಕು. ಎಲ್ಲಿಂದ ತರುವುದು?

ಇನ್ನು ತಿರುಗಿಸಿ ಕೇಳಿದರೆ, ಸಣ್ಣದು ದೊಡ್ಡದರ ಮುನ್ಸೂಚನೆ ಹೌದಾ? ಕಿಲ್ಲಾರಿ ಸುತ್ತ 1992ರಲ್ಲಿ ಸಣ್ಣ ಕಂಪನಗಳ ಸಾಲೇ ಬಂದಿತ್ತು, ಮರುವರ್ಷ ಅನಾಹುತ ಆಯಿತು. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ. ಆದರೆ ಇಂಥ ಸಾಲುಗಳು ನೂರಾರು ಕಡೆ ಬಂದು ತಾವಾಗಿ ತಣ್ಣಗಾಗಿವೆ. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರ್‌ನಿಂದ ಸಾವಿರಾರು ಕಂಪನ ಬಂದವು, ಅದರಲ್ಲಿ ದೊಡ್ಡದೂ 4ರ ಆಸುಪಾಸಿನದ್ದೇ. 2021ರಲ್ಲಿ ವಿಜಯಪುರ, ಕಲಬುರಗಿ ಕಡೆ ನಡುಗಿತು, ನಿಂತಿತು. ಸುಳ್ಯ–ಸಂಪಾಜೆಯದ್ದೂ ಹಾಗೇ ಆಯಿತು. ಯಾವುದು ಮುನ್ಸೂಚನೆ, ಯಾವುದು ಅಲ್ಲ ಎಂದು ಹೇಳುವ ಉಪಕರಣ ಪ್ರಪಂಚದಲ್ಲೆಲ್ಲೂ ಇಲ್ಲ. ಆದ್ದರಿಂದ ಇಂಥ ದಿನ, ಇಂಥ ಗಂಟೆಗೆ ಬರುತ್ತದೆ ಎಂಬ ಸಂದೇಶ ಮೊಬೈಲಿಗೆ ಬಂದರೆ ಅದು ಸುಳ್ಳು. ಯಾರು ಕಳಿಸಿದ್ದು ಅಂತ ನೋಡುವುದೂ ಬೇಡ.

ಸದ್ದು ಯಾಕೆ ಅಷ್ಟು?

ನಮ್ಮ ಕಡೆ ಕಂಪನ ಆದಾಗ ಜನ ಮೊದಲು ಹೇಳುವುದು ನಡುಕದ ಬಗ್ಗೆ ಅಲ್ಲ, "ಎಂತ ಅದು ಶಬ್ದ?" ಎಂದು. ಗುಡುಗೇ ಅಂದುಕೊಂಡೆವು, ಆದರೆ ನೆಲದೊಳಗಿಂದ ಬಂದ ಹಾಗಿತ್ತು ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬಂಡೆ ಜಾರಿದಾಗ ಎರಡು ಬಗೆಯ ಅಲೆ ಹೊರಡುತ್ತದೆ. ಮೊದಲನೆಯದು ತಳ್ಳುವ ಅಲೆ, ಬಂಡೆಯಲ್ಲಿ ಸೆಕೆಂಡಿಗೆ 6 ಕಿಲೋಮೀಟರ್ ಹತ್ತಿರ ಓಡುತ್ತದೆ. ಎರಡನೆಯದು ಅಕ್ಕಪಕ್ಕ ಅಲುಗಿಸುವ ಅಲೆ, ಅದರ ವೇಗ ಮೂರೂವರೆಯ ಹತ್ತಿರ. ನಮ್ಮದು ಗಟ್ಟಿ ಹಳೇ ಬಂಡೆ. ವೇಗವಾಗಿ ಕಂಪಿಸುವ ಅಲೆಗಳು ಇದರಲ್ಲಿ ಬೇಗ ಸಾಯುವುದಿಲ್ಲ. ಸೆಕೆಂಡಿಗೆ 20 ಸಲಕ್ಕಿಂತ ಹೆಚ್ಚು ಕಂಪಿಸಿದರೆ ಅದು ನಮ್ಮ ಕಿವಿಗೆ ಕೇಳುವ ಸದ್ದು. ಮೊದಲ ಅಲೆ ನೆಲದಿಂದ ಗಾಳಿಗೆ ಬಂದಾಗ ಗುಡುಗಿದಂತೆ ಕೇಳುತ್ತದೆ, ಹಿಂದೆಯೇ ಬರುವ ಎರಡನೆಯದು ಮನೆಯನ್ನು ಅಲುಗಿಸುತ್ತದೆ.

ಇದರಲ್ಲಿ ಒಂದು ಉಪಯೋಗ ಇದೆ. ಸದ್ದಿಗೂ ಅಲುಗಾಟಕ್ಕೂ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿ, 8ರಿಂದ ಗುಣಿಸಿ. ಕಂಪನ ಹುಟ್ಟಿದ ಜಾಗ ನಿಮ್ಮಿಂದ ಸುಮಾರು ಅಷ್ಟು ಕಿಲೋಮೀಟರ್. ಎರಡೂ ಒಟ್ಟಿಗೇ ಬಂದ ಹಾಗೆ ಅನ್ನಿಸಿತಾ? ತೀರಾ ಹತ್ತಿರ, ನಿಮ್ಮ ಕಾಲಡಿಯಲ್ಲೇ ಇರಬಹುದು. ನಿದ್ದೆಗಣ್ಣಲ್ಲಿ ಎಣಿಸುವುದು ಕಷ್ಟವೇ, ಆದರೂ.

ಕೇಳಿದ ಸದ್ದೆಲ್ಲ ಭೂಕಂಪ ಅಲ್ಲ ಎನ್ನುವುದೂ ಅಷ್ಟೇ ನಿಜ. ವಯನಾಡಿನಲ್ಲಿ 2024ರ ಜುಲೈ 30ರ ಗುಡ್ಡ ಜರಿದ ದುರಂತ ಆಗಿ ಹತ್ತು ದಿನ ಕಳೆದಾಗ, ಆಗಸ್ಟ್ 9ರಂದು, ಹಲವು ಊರುಗಳಲ್ಲಿ ನೆಲದಡಿಯಿಂದ ಸದ್ದು ಕೇಳಿಸಿತು. ಜನ ನಡುಗಿಹೋದರು. ದೆಹಲಿಯ ರಾಷ್ಟ್ರೀಯ ಭೂಕಂಪನ ಕೇಂದ್ರ ತನ್ನ ದಾಖಲೆ ನೋಡಿ, ಆ ಹೊತ್ತಿನಲ್ಲಿ ಭೂಕಂಪ ಆಗಿಲ್ಲ, ಜರಿದು ಬಂದ ಬಂಡೆ ರಾಶಿ ಕೆಳಗೆ ಕೂರುವಾಗ ಇಂಥ ಸದ್ದು ಬರಬಹುದು ಎಂದಿತು. 2020ರ ಮೇ 20ರಂದು ಬೆಂಗಳೂರನ್ನು ಬೆಚ್ಚಿಬೀಳಿಸಿದ್ದು ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟ. ನಮ್ಮಲ್ಲಂತೂ ಕಗ್ಗಲ್ಲಿನ ಕೋರೆಗಳಿವೆ, ಅಲ್ಲಿ ಸಿಡಿಮದ್ದು ಇಡುತ್ತಾರೆ. ಅದು ಹಗಲಿನಲ್ಲಿ, ಹೆಚ್ಚು ಕಡಿಮೆ ಗೊತ್ತಿದ್ದ ಹೊತ್ತಿಗೆ, ಹತ್ತಿರದ ಕೆಲವು ಮನೆಗಳಿಗೆ ಮಾತ್ರ ತಿಳಿಯುತ್ತದೆ. ರಾತ್ರಿ ಒಂದೂವರೆಗೆ ನಾಲ್ಕೈದು ಊರಿಗೆ ಒಟ್ಟಿಗೇ ತಿಳಿದರೆ ಕೋರೆಯ ಮೇಲೆ ಹಾಕುವುದಕ್ಕಾಗುವುದಿಲ್ಲ.

ಮಳೆಯ ಮೇಲೆ ಎಷ್ಟು ಹೊರಿಸುವುದು

ಮಳೆಗೂ ಸಣ್ಣ ಕಂಪನಕ್ಕೂ ನಂಟು ಇದೆ ಎನ್ನುವುದನ್ನು ವಿಜ್ಞಾನಿಗಳು ತಳ್ಳಿಹಾಕುವುದಿಲ್ಲ. ನೀರು ಬಿರುಕಿನೊಳಗೆ ಇಳಿಯುತ್ತದೆ, ಅದರ ಒತ್ತಡ ಕೆಳಗಿನವರೆಗೂ ಮುಟ್ಟುತ್ತದೆ. ಒಂದಕ್ಕೊಂದು ಅಂಟಿಕೊಂಡು ನಿಂತ ಬಂಡೆಯ ಎರಡು ಮುಖಗಳ ನಡುವೆ ಹಿಡಿತ ಕಡಿಮೆಯಾಗುತ್ತದೆ. ಮೊದಲೇ ಜಾರುವ ಸ್ಥಿತಿಯಲ್ಲಿದ್ದರೆ ಜಾರಿಬಿಡುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಆದದ್ದು ಹೀಗೇ. 1962ರಲ್ಲಿ ಆ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು, ಸಣ್ಣ ಕಂಪನಗಳು ಹೆಚ್ಚಿದವು, 1967ರ ಡಿಸೆಂಬರ್ 11ರಂದು 6ಕ್ಕೂ ಮೇಲಿನದ್ದು ಬಂದು ಸುಮಾರು 180 ಜನ ಸತ್ತರು. ಕಾಸರಗೋಡಿನಲ್ಲಿ ಅಂಥ ದೊಡ್ಡ ಅಣೆಕಟ್ಟೆ ಇಲ್ಲ. ಅದೊಂದು ಭಯ ಇಟ್ಟುಕೊಳ್ಳುವುದು ಬೇಡ.

ಆದರೆ ನಮ್ಮ ಎರಡು ಘಟನೆಗಳನ್ನು ಮಳೆಯೊಂದರ ಮೇಲೇ ಹಾಕುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. 2022ರ ಜೂನ್‌ನಲ್ಲಿ ಕೇರಳಕ್ಕೆ ಮಳೆ ಬಂದದ್ದು ವಾಡಿಕೆಯ ಅರ್ಧದ ಆಸುಪಾಸು. ಕಂಪನ ಶುರುವಾದದ್ದು ಅಂಥ ಜೂನ್ ಕೊನೆಗೆ. ವೆಳ್ಳರಿಕುಂಡಿನಲ್ಲಿ ನಡುಗಿದ್ದು ಫೆಬ್ರವರಿಯಲ್ಲಿ, ತೋಟಕ್ಕೆ ನೀರು ಬಿಡುವ ಕಾಲದಲ್ಲಿ. ಒಳಗಿನ ಒತ್ತಡವೇ ಮುಖ್ಯ, ಮಳೆ ಕೆಲವೊಮ್ಮೆ ಕೊನೆಯ ತಳ್ಳು ಕೊಡಬಹುದು. ಅಷ್ಟಕ್ಕೇ ನಿಲ್ಲಿಸುವುದು ಕ್ಷೇಮ.

ಬರೆ, ಸುರಂಗ, ಬಾವಿ

ಈಗ ನಿಜವಾದ ವಿಷಯಕ್ಕೆ ಬರೋಣ. 2018ರ ಜುಲೈಯಲ್ಲಿ ಕೊಡಗಿನಲ್ಲಿ ನೆಲ ನಡುಗಿತ್ತು, ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಇಳಿದು ಬಂದವು. ಸಂಪಾಜೆ, ಕಲ್ಲಪಳ್ಳಿಯ ಜನ 2022ರಲ್ಲಿ ಅಷ್ಟು ಹೆದರಿದ್ದು ಇದನ್ನು ನೆನೆದೇ. ಮೊದಲು ನಡುಕ, ಆಮೇಲೆ ಗುಡ್ಡ ಅಂತ ಮನಸ್ಸು ಜೋಡಿಸಿಕೊಂಡಿತ್ತು. ಆದರೆ ಕೊಡಗಿನ ಜರಿತವನ್ನು ಪರಿಶೀಲಿಸಿದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಬೊಟ್ಟು ಮಾಡಿದ್ದು ವಿಪರೀತ ಮಳೆ ಮತ್ತು ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದರ ಕಡೆಗೆ. ಪ್ರಪಂಚದ ಬೇರೆ ಬೇರೆ ಭೂಕಂಪಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಕಂಡದ್ದೂ ಇದೇ: ಸುಮಾರು 4ಕ್ಕಿಂತ ಕಡಿಮೆಯ ಕಂಪನದಿಂದ ಗುಡ್ಡ ಜರಿಯುವುದು ತೀರಾ ಅಪರೂಪ.

ಗುಡ್ಡ ಜರಿಯುವುದಕ್ಕೆ ಭೂಕಂಪ ಬೇಕೇ ಇಲ್ಲ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇಳಿದು ಬಂತಲ್ಲ, ಆಗ ಯಾವ ನೆಲ ನಡುಗಿತ್ತು? ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು, ಮಳೆ ಬಂತು. ಹೆದ್ದಾರಿಯದ್ದು ಪೇಪರಿನಲ್ಲಿ ಬರುತ್ತದೆ. ಮನೆ ಹಿಂದಿನ ಬರೆಯದ್ದು ಬರುವುದಿಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಬಂದಡ್ಕ, ಎಲ್ಲಿ ಬೇಕಾದರೂ ನೋಡಿ. ಸಮತಟ್ಟು ಜಾಗ ಇಲ್ಲ. ಜೇಸಿಬಿ ತಂದು ಗುಡ್ಡ ಕಡಿದು, ಅಂಗಳ ಮಾಡಿ, ಮನೆ ಕಟ್ಟುತ್ತೇವೆ. ಹಿಂದೆ ಹತ್ತು ಹದಿನೈದು ಅಡಿ ಬರೆ ನೆಟ್ಟಗೆ ನಿಂತಿರುತ್ತದೆ, ಅಡುಗೆಮನೆ ಕಿಟಕಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೇಲ್ಭಾಗದ ಮುರಕಲ್ಲು (ಕೆಂಪುಕಲ್ಲು) ಗಟ್ಟಿ ಇದೆ ಅಂತ ಧೈರ್ಯ. ಅದರ ಕೆಳಗೆ ಬಿಳಿ, ಹಳದಿ ಮೆತ್ತಗಿನ ಜೇಡಿ ಇರುತ್ತದೆ. ನೀರು ಮೊದಲು ತಿನ್ನುವುದು ಅದನ್ನು.

ನಡುಕದ ದಿನ ಜನ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಾರೆ. ಮನೆ ಹಿಂದೆ ಹೋಗಿ ಬರೆಯ ನೆತ್ತಿ ನೋಡಬೇಕು. ಅಲ್ಲಿ ಅಡ್ಡಕ್ಕೆ ಹೊಸ ಬಿರುಕು ಬಿಟ್ಟಿದೆಯಾ? ಅಡಿಕೆ ಮರವೋ ಕರೆಂಟು ಕಂಬವೋ ವಾಲಿದೆಯಾ? ಸರಿಯಾಗಿ ಹಾಕುತ್ತಿದ್ದ ಬಾಗಿಲು ಬಿಗಿಯಾಗಿದೆಯಾ? ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗಿದೆಯಾ, ಇಲ್ಲಾ ನಿಂತೇ ಹೋಗಿದೆಯಾ? ಇವುಗಳಲ್ಲಿ ಒಂದು ಕಂಡರೂ ಜೋರು ಮಳೆಯ ರಾತ್ರಿ ಆ ಮನೆಯಲ್ಲಿ ಮಲಗಬಾರದು, ನಡುಗಲಿ ನಡುಗದಿರಲಿ. ಬಿರುಕು ಕಂಡರೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲ್ ಹಾಕಿ ನೀರು ಇಳಿಯದ ಹಾಗೆ ಮಾಡುವುದು ಒಂದೆರಡು ದಿನಕ್ಕೆ ಸಾಕು. ಮಳೆಗಾಲ ಪೂರ್ತಿಗೆ ಅದು ಪರಿಹಾರ ಅಲ್ಲ.

ಹೊರಗಿನ ತಜ್ಞರು ಮರೆಯುವ ಒಂದು ವಿಷಯ ನಮ್ಮಲ್ಲಿದೆ. ಸುರಂಗ. ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಸುರಂಗಗಳು ಸಾವಿರಾರು ಇವೆ. ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಜಾಗ, ಕೆಲವು ನೂರಾರು ಮೀಟರ್ ಉದ್ದ. ಈಗಲೂ ಎಷ್ಟೋ ಮನೆಗಳಿಗೆ ಕುಡಿಯುವ ನೀರು, ತೋಟಕ್ಕೆ ನೀರು ಅದರಿಂದಲೇ. ಬೇಸಿಗೆಯಲ್ಲಿ ಒಳಗೆ ಹೋಗಿ ಮಣ್ಣು ತೆಗೆಯುವುದು ವಾಡಿಕೆ. ಮುರಕಲ್ಲಿನಲ್ಲಿ ಕೊರೆದದ್ದು ತಲೆಮಾರುಗಟ್ಟಲೆ ನಿಲ್ಲುತ್ತದೆ, ಮೆತ್ತಗಿನ ಮಣ್ಣು ಸಿಕ್ಕಿದ ಕಡೆ ಆಗಾಗ ಉದುರುತ್ತದೆ. ಅಂಥ ಜಾಗದಲ್ಲಿ 3ರ ಕಂಪನ ಕೂಡ ನಾಲ್ಕು ಬುಟ್ಟಿ ಮಣ್ಣು ಕೆಡವಬಹುದು. ಮನೆಯೊಳಗೆ ಅದು ಲೆಕ್ಕಕ್ಕಿಲ್ಲ, ಸುರಂಗದೊಳಗೆ ಇರುವವನಿಗೆ ಅದೇ ಸಾಕು. ನಡುಕ ಬಂದ ಸುದ್ದಿ ತಿಳಿದ ಮೇಲೆ ಕೆಲವು ದಿನ ಯಾರೂ ಒಳಗೆ ಹೋಗಬಾರದು. ಇದ್ದಕ್ಕಿದ್ದಂತೆ ನೀರು ಕೆಂಪಾಗಿ ಬಂದರೆ ಅಥವಾ ಹರಿವು ಕಡಿಮೆಯಾದರೆ ಒಳಗೆ ಮಣ್ಣು ಬಿದ್ದಿರಬಹುದು. ಕಲ್ಲು ಕಟ್ಟದ ಮಣ್ಣಿನ ಬಾವಿಗೂ ಇದೇ ಮಾತು. ಮನೆಗೆ ತಾಗಿ ಹಳೇ ಸುರಂಗ ಇದ್ದು, ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ ಅದನ್ನು ಹುಡುಕಿಡುವುದು ಒಳ್ಳೆಯದು. ಮನೆ ಕಟ್ಟುವಾಗ ಕೆಲವರು ಅದನ್ನು ಸುಮ್ನೆ ಮಣ್ಣು ತುಂಬಿ ಮರೆತುಬಿಡುತ್ತಾರೆ.

ಮನೆಗಳ ಬಗ್ಗೆ ಎರಡು ಮಾತು ಸಾಕು. ದೇಶವನ್ನು ಭೂಕಂಪದ ಅಪಾಯದ ಲೆಕ್ಕದಲ್ಲಿ ವಲಯಗಳಾಗಿ ಹಂಚಿದ 2002ರ ನಕ್ಷೆಯಲ್ಲಿ (ಸಂಖ್ಯೆ ಏರಿದಷ್ಟೂ ಅಪಾಯ ಹೆಚ್ಚು) ಇಡೀ ಕೇರಳ ಮೂರನೇ ವಲಯದಲ್ಲಿದೆ, ಪಕ್ಕದ ಮಂಗಳೂರೂ ಅಷ್ಟೇ. ಬೆಂಗಳೂರು ಎರಡನೆಯದರಲ್ಲಿ. ಅಂದರೆ ಕಟ್ಟುವಾಗ ಭೂಕಂಪದ ಲೆಕ್ಕ ಹಿಡಿಯಲೇಬೇಕಾದ ಜಾಗ ನಮ್ಮದು. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಬಿದ್ದದ್ದರಿಂದ. ನಮ್ಮ ಹಂಚಿನ ಮಾಡು ಅದಕ್ಕೆ ಹೋಲಿಸಿದರೆ ಹಗುರ, ಅದು ಪುಣ್ಯ. ಕೆಂಪುಕಲ್ಲಿನ ಗೋಡೆಗೆ ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕಿದ್ದರೆ ಗೋಡೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಖರ್ಚು ಉಳಿಸಲು ಕಿಟಕಿ ಬಾಗಿಲಿನ ಮೇಲೆ ಮಾತ್ರ ತುಂಡು ಲಿಂಟಲ್ ಹಾಕುವ ಅಭ್ಯಾಸ ಇದೆ, ಅದು ಬೇಡ. ನನಗೆ ಜಾಸ್ತಿ ಚಿಂತೆ ಇರುವುದು ಪೇಟೆಯ ಕಟ್ಟಡಗಳ ಬಗ್ಗೆ. ಉಪ್ಪಳ, ಕಾಸರಗೋಡು, ಕಾಞಂಗಾಡ್ ಪೇಟೆಗಳಲ್ಲಿ ಕೆಳಗೆ ಪಾರ್ಕಿಂಗ್‌ಗೆ ಬರೀ ಕಂಬ, ಮೇಲೆ ನಾಲ್ಕು ಮಹಡಿ. ಅಲುಗಾಟಕ್ಕೆ ಮೊದಲು ಸೋಲುವುದು ಆ ಕಂಬಗಳು.

ಯಾರನ್ನು ಕೇಳುವುದು?

2022ರ ಕಂಪನಗಳ ವಿವರ ಹೆಚ್ಚಾಗಿ ಬಂದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ. ದೇಶದ ಜಾಲ ಖಚಿತವಾಗಿ ಹಿಡಿಯುವುದು 3 ಮತ್ತು ಅದಕ್ಕಿಂತ ದೊಡ್ಡದನ್ನು. 1.8, 2.3 ಇಂಥವು ದಾಖಲಾಗಬೇಕಾದರೆ ಹತ್ತಿರದಲ್ಲಿ ಉಪಕರಣ ಇರಬೇಕು. ಎಲ್ಲಿ ಹುಟ್ಟಿತು ಎಂದು ಹೇಳಲು ಕನಿಷ್ಠ ಮೂರು ಕಡೆಯ ದಾಖಲೆ ಬೇಕು. ಉಪಕರಣ ದೂರ ಇದ್ದಷ್ಟೂ ಜಾಗ ಆಚೀಚೆ ಆಗುತ್ತದೆ. ಒಂದೇ ಸುದ್ದಿಯಲ್ಲಿ ಒಬ್ಬರು ಕರಿಕೆ, ಇನ್ನೊಬ್ಬರು ಚೆಂಬು ಅಂದರೆ ಅದರಲ್ಲಿ ಮುಚ್ಚುಮರೆ ಹುಡುಕುವುದು ಬೇಡ.

ತೊಂದರೆ ಬೇರೆ ಇದೆ. ಕರ್ನಾಟಕದ ಕೇಂದ್ರದ ಮಾಹಿತಿ ಕರ್ನಾಟಕದ ಅಧಿಕಾರಿಗಳಿಗೆ ಹೋಗುತ್ತದೆ, ಕನ್ನಡ ಪತ್ರಿಕೆಯ ಮಂಗಳೂರು ಪುಟದಲ್ಲಿ ಬರುತ್ತದೆ. ಕಲ್ಲಪಳ್ಳಿ, ದೇಲಂಪಾಡಿ, ಆದೂರಿನ ಜನ ಓದುವುದೂ ಅದನ್ನೇ. ಆದರೆ ಅವರಿಗೆ ಸೂಚನೆ ಕೊಡಬೇಕಾದ್ದು, ಬೇಕಾದರೆ ಜಾಗ ಬಿಡಿಸಬೇಕಾದ್ದು ಕೇರಳದ ಆಡಳಿತ. ಅಲ್ಲಿಯ ಸೂಚನೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಮನೆಯ ಮಕ್ಕಳು ಓದಿ ಹೇಳುತ್ತಾರೆ, ಅಜ್ಜಿಗೆ ತಲುಪುವಾಗ ಅರ್ಧ ಸುದ್ದಿ, ಅರ್ಧ ಗಾಳಿಮಾತು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಲು ಅವಕಾಶ ಇದೆ. ವಿಪತ್ತಿನ ಸೂಚನೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಉಪಕಾರ ಬೇಡಿದ ಹಾಗಲ್ಲ. ಪಂಚಾಯತಿನ ಗ್ರಾಮಸಭೆಯಲ್ಲಿ ರಸ್ತೆ, ಬೀದಿದೀಪದ ಜೊತೆಗೆ ಇದನ್ನೂ ಬರೆಸಬಹುದು.

ಮುಂದಿನ ಸಲ ನಡುಗಿದರೆ ಮೊದಲು ಗಡಿಯಾರ ನೋಡಿ. ಎಷ್ಟು ಗಂಟೆ, ಸದ್ದು ಮೊದಲಾ ಅಲುಗಾಟ ಮೊದಲಾ, ನಡುವೆ ಎಷ್ಟು ಸೆಕೆಂಡ್, ಏನು ಬಿತ್ತು, ಏನು ಬೀಳಲಿಲ್ಲ ಎಂದು ಬರೆದಿಡಿ. ಏನೂ ತಿಳಿಯಲಿಲ್ಲ ಅನ್ನುವ ಮನೆಯ ಮಾತಿಗೂ ಬೆಲೆ ಇದೆ, ಕಂಪನ ಎಲ್ಲಿಯವರೆಗೆ ಮುಟ್ಟಿತು ಎಂದು ಗೊತ್ತಾಗುವುದು ಅದರಿಂದಲೇ. ರಾಷ್ಟ್ರೀಯ ಭೂಕಂಪನ ಕೇಂದ್ರದ 'ಭೂಕಂಪ್' ಆ್ಯಪ್‌ನಲ್ಲಿ ಆದ ಕಂಪನದ ವಿವರ ಸಿಗುತ್ತದೆ. ಬರೆಯಲ್ಲಿ ಬಿರುಕು ಕಂಡರೆ ಗ್ರಾಮ ಕಚೇರಿಗೆ ತಿಳಿಸಿ, ಇಲ್ಲವೇ 1077ಕ್ಕೆ ಕರೆ ಮಾಡಿ. ಅದು ಜಿಲ್ಲೆಯ ತುರ್ತು ಕೇಂದ್ರದ ಸಂಖ್ಯೆ. ಫೋನಿನಲ್ಲಿ ಭೂಕಂಪ ಆಯಿತು ಎಂದಷ್ಟೇ ಹೇಳಬೇಡಿ. ಬಿರುಕು ಎಷ್ಟು ಉದ್ದ, ಮನೆಯಿಂದ ಎಷ್ಟು ಅಡಿ, ಕೆಳಗೆ ಎಷ್ಟು ಮನೆ ಇವೆ ಎಂದು ಹೇಳಿ.